ಶಟರ್ ಎಳೆದ ಶೆಡ್ಡಿನೊಳಗೆ ಕೆಂಡ ಬೇಡ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಚಳಿಯ ಫೋಟೊ ಒಂದಿತ್ತು. ಮರಗೆಲಸದ ಶೆಡ್ಡಿನಲ್ಲಿ ಮೂರ್ನಾಲ್ಕು ಜನ ಕಬ್ಬಿಣದ ಬಾಂಡ್ಲಿಗೆ ಕೆಂಡ ಹಾಕಿಕೊಂಡು ಕೈ ಕಾಯಿಸುತ್ತಿದ್ದಾರೆ, ಹಿಂದೆ ಶಟರ್ ಮುಕ್ಕಾಲು ಇಳಿದಿದೆ. ಫೋಟೊ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಆ ಇಳಿದ ಶಟರ್ ನೋಡಿ ನನಗೆ ಹೆದರಿಕೆಯಾಯಿತು. ಪ್ರತಿ ಚಳಿಗಾಲದಲ್ಲೂ ಎಲ್ಲೋ ಒಂದು ಕಡೆ 'ಕೋಣೆಯಲ್ಲಿ ಇದ್ದಿಲು ಹಚ್ಚಿ ಮಲಗಿದವರು ಉಸಿರುಗಟ್ಟಿ ಸಾವು' ಎಂಬ ಸುದ್ದಿ ಬರುತ್ತದೆ. ಓದುತ್ತೇವೆ, ಪಾಪ ಅನ್ನುತ್ತೇವೆ, ಪುಟ ತಿರುಗಿಸುತ್ತೇವೆ. ಆ ಸುದ್ದಿಗೂ ಈ ಫೋಟೊಕ್ಕೂ ನಡುವೆ ಇರುವುದು ಒಂದು ಶಟರ್ ಅಷ್ಟೇ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿ ಹಾಕಲೇಬೇಕಾದರೆ ಖರ್ಚಿನ ಲೆಕ್ಕಕ್ಕೆ ಹಾಕಿ, ಹೊಗೆಯ ವಿಷಯಕ್ಕೆ ಬೇಡ.

ನಾನು ತೀರ್ಥಹಳ್ಳಿ ಕಡೆಯವನು. ಮನೆ ಪಕ್ಕ ಕಾರಿಗೆ ಅಂತ ಕಟ್ಟಿದ ಶೆಡ್ಡಿನಲ್ಲಿ ಮರಗೆಲಸ ಮಾಡುತ್ತೇನೆ. ಕುರ್ಚಿ ರಿಪೇರಿ, ಸ್ಟೂಲು, ದೇವರ ಮಂಟಪ, ಯಾರಾದರೂ ಕೇಳಿದರೆ ಕಿಟಕಿ ಬಾಗಿಲು. ಇಂಥ ಶೆಡ್ಡುಗಳು ಈಗ ಜಿಲ್ಲೆಯ ತುಂಬಾ ಇವೆ. ಒಬ್ಬರು ಬೈಕ್ ಬಿಚ್ಚಿ ಕೂತಿರುತ್ತಾರೆ, ಒಬ್ಬರು ಮೋಟಾರ್ ವೈಂಡಿಂಗ್, ಇನ್ನೊಬ್ಬರು ಹೊಲಿಗೆ. ಡಿಸೆಂಬರ್ ಜನವರಿಯ ಬೆಳಗ್ಗೆ ನಮ್ಮಲ್ಲಿ 12-14 ಡಿಗ್ರಿ ಅಂದರೆ ಉತ್ತರದ ಕಡೆಯವರು ನಗಬಹುದು. ಅವರು ಬಂದು ಇಬ್ಬನಿಯಲ್ಲಿ ನೆನೆದ ತಗಡಿನ ಕೆಳಗೆ, ಸಿಮೆಂಟ್ ನೆಲದ ಮೇಲೆ ನಿಂತು, ರಾತ್ರಿಯೆಲ್ಲ ತಣ್ಣಗೆ ಬಿದ್ದಿದ್ದ ಉಳಿಯನ್ನು ಒಮ್ಮೆ ಹಿಡಿದು ನೋಡಲಿ. ಬೆರಳು ಮರಗಟ್ಟಿದರೆ ಕೆಲಸ ನಿಲ್ಲುತ್ತದೆ, ಅಥವಾ ಉಳಿ ಜಾರುತ್ತದೆ. ಹಾಗಾಗಿ ಶೆಡ್ ಬೆಚ್ಚಗಿರಬೇಕು ಅನ್ನುವುದು ಷೋಕಿಯ ಮಾತಲ್ಲ.

ಕೆಂಡ ಬೇಡ ಅಂದ ಕೂಡಲೇ ಊರಲ್ಲಿ ಎಲ್ಲರದೂ ಒಂದೇ ಮಾತು. ನಮ್ಮ ದೊಡ್ಡಪ್ಪನೂ ಅದನ್ನೇ ಹೇಳುತ್ತಾರೆ: 'ನಮ್ಮ ಅಜ್ಜ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಕೊಂಡೇ ಮಲಗ್ತಿದ್ರು, ತೊಂಬತ್ತು ವರ್ಷ ಬಾಳಿದ್ರು, ನಿಂದೆಂಥದು ಮಾರಾಯ?' ಮಾತು ನಿಜ. ಆದರೆ ಅಜ್ಜನ ಮನೆ ಯಾವುದು ನೋಡಿ. ಮಾಡಿಗೆ ಹೆಂಚು, ಹೆಂಚಿನ ಸಂದಿಯಲ್ಲೆಲ್ಲ ಗಾಳಿ. ಕಿಟಕಿಗೆ ಗಾಜೇ ಇರಲಿಲ್ಲ, ಮರದ ಸರಳು. ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಜಾಗ. ಬಚ್ಚಲ ಒಲೆ ಉರಿಸಿದರೆ ಹೊಗೆ ಮಾಡಿನ ಉದ್ದಕ್ಕೂ ತಾನಾಗಿ ಹೊರಗೆ ಹೋಗುತ್ತಿತ್ತು, ದೂರದಿಂದ ನೋಡಿದರೆ ಮನೆಯೇ ಹೊಗೆಯಾಡುತ್ತಿತ್ತು. ಈಗ ನಾವು ಕಟ್ಟುವುದು ಆರ್‌ಸಿಸಿ ಮೇಲ್ಛಾವಣಿ, ಇಲ್ಲ ತಗಡು, ನಾಲ್ಕೂ ಕಡೆ ಪ್ಲಾಸ್ಟರ್, ಒಂದು ಶಟರ್, ಇದ್ದರೆ ಒಂದು ಅಲ್ಯೂಮಿನಿಯಂ ಕಿಟಕಿ, ಅದಕ್ಕೂ ರಬ್ಬರ್ ಪಟ್ಟಿ. ಸಾಲದ್ದಕ್ಕೆ ಚಳಿ ಅಂತ ಶಟರಿನ ಕೆಳಗೆ ಗೋಣಿಚೀಲ ತುರುಕುತ್ತೇವೆ. ಅಜ್ಜನ ಅಗ್ಗಿಷ್ಟಿಕೆ ತಂದು ಈ ಡಬ್ಬಿಯೊಳಗೆ ಇಟ್ಟರೆ ಅಜ್ಜನ ಆಯುಸ್ಸು ಬರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಇದು ಜಾಸ್ತಿ ಅಪಾಯದ್ದು: 'ಹೊಗೆ ಇಲ್ವಲ್ಲ, ಬರೀ ಕೆಂಡ ತಾನೇ?' ಹೊಗೆ ಕಣ್ಣಿಗೆ ಉರಿಯುತ್ತದೆ, ಕೆಮ್ಮು ತರುತ್ತದೆ, ಎದ್ದು ಹೊರಗೆ ಹೋಗುತ್ತೇವೆ. ಒಂದು ಲೆಕ್ಕಕ್ಕೆ ಅದು ಒಳ್ಳೆಯದೇ. ಕೆಂಪಗೆ ನಿಗಿನಿಗಿ ಅನ್ನುವ ಇದ್ದಿಲು ಬಿಡುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊತ್ತು ತಿರುಗುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸೀಟು ಹಿಡಿದು ಕೂತರೆ ಏಳುವುದಿಲ್ಲ. ಗಾಳಿಗೆ ಬಂದ ಮೇಲೂ ಅರ್ಧ ಖಾಲಿಯಾಗಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಗೆ ಇಳಿಯುತ್ತದೆ. ಶೆಡ್ಡಿನಲ್ಲಿ ತುಂಬಿಕೊಂಡ ಈ ಅನಿಲ ಫ್ಯಾನ್ ಹಾಕಿದರೆ ಹೋಗುವುದಿಲ್ಲ, ಇದ್ದದ್ದೇ ಸುತ್ತುತ್ತದೆ. ಕಿಟಕಿ ನಾಲ್ಕು ಬೆರಳು ತೆರೆದಿಟ್ಟರೆ ಸಾಕು ಅನ್ನುವುದೂ ನಂಬಿಕೆ ಅಷ್ಟೇ. ಗಾಳಿ ಆಡದ ಬೆಳಗಿನ ಮಂಜಿನಲ್ಲಿ ಆ ನಾಲ್ಕು ಬೆರಳಿನಿಂದ ಏನೂ ಆಗುವುದಿಲ್ಲ.

ನಮ್ಮ ಭಾವನ ಮಗ ಹೋದ ವರ್ಷ ಹೀಗೇ ಶೆಡ್ಡಿನಲ್ಲಿ ಬಾಂಡ್ಲಿ ಇಟ್ಟುಕೊಂಡು ರಾತ್ರಿ ಆರ್ಡರ್ ಕೆಲಸ ಮುಗಿಸುತ್ತಿದ್ದ. ತಲೆನೋವು, ಹೊಟ್ಟೆ ತೊಳೆಸುವುದು, ಕಾಲಲ್ಲಿ ಬಲವಿಲ್ಲ. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿ ಮತ್ತೆ ಕೂತ. ಅವನ ಅಮ್ಮ ಊಟಕ್ಕೆ ಕರೆಯಲು ಬಂದು ಶಟರ್ ಎತ್ತಿದ್ದಕ್ಕೆ ಬಚಾವ್. ಹೊರಗೆ ಜಗಲಿಯಲ್ಲಿ ಕೂತ ಮೇಲೆ ನಿಧಾನಕ್ಕೆ ಸರಿಯಾದ. ಕರೋನಾ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿತ್ತು. ಅದರಲ್ಲಿ 98 ತೋರಿಸಿತು ಅಂತ ಎಲ್ಲರೂ ಸಮಾಧಾನ ಪಟ್ಟರು. ಇಲ್ಲಿ ಒಂದು ಮಾತು ದಯವಿಟ್ಟು ದಪ್ಪಕ್ಷರದಲ್ಲಿ ಹಾಕಿ: ಆ ಮೀಟರಿಗೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನುಷ್ಯ ಬೀಳುವ ಹಂತದಲ್ಲಿದ್ದರೂ ಅದು 98 ತೋರಿಸಬಹುದು. ಬೆಂಕಿ ಇರುವ ಮುಚ್ಚಿದ ಜಾಗದಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಮೀಟರ್ ಹುಡುಕಬೇಡಿ. ಶಟರ್ ಪೂರ್ತಿ ಎತ್ತಿ, ಎಲ್ಲರನ್ನೂ ಅಂಗಳಕ್ಕೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರವಾದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ 'ಕೆಂಡದ ಹತ್ತಿರ ಕೂತಿದ್ವಿ' ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅಲ್ಲೂ ಗ್ಯಾಸ್ಟ್ರಿಕ್ ಅಂತಲೇ ಆಗಬಹುದು.

ಹಾಗಾದರೆ ಚಳಿಗೆ ಏನು ಮಾಡುವುದು? ನನ್ನ ಅಭಿಪ್ರಾಯ ಇಷ್ಟು: ಶೆಡ್ ಕಾಯಿಸಲು ಹೋಗಬೇಡಿ, ಕೆಲಸ ಮಾಡುವ ಮನುಷ್ಯನನ್ನು ಕಾಯಿಸಿ. ಮಲೆನಾಡಿನ ಚಳಿ ಹತ್ತು ಗಂಟೆಗೆ ಬಿಸಿಲು ಬಂದರೆ ಓಡಿಹೋಗುತ್ತದೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯ ಮಾತಿಗೆ ಇಪ್ಪತ್ತು ಅಡಿ ಶೆಡ್ಡಿನ ಗಾಳಿಯನ್ನೆಲ್ಲ ಯಾಕೆ ಬಿಸಿ ಮಾಡಬೇಕು, ಅದೂ ತಗಡಿನ ಮಾಡಿನಲ್ಲಿ?

ಮೊದಲು ಕಾಲು. ಸಿಮೆಂಟ್ ನೆಲ ಪಾದದ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಂಚಿನ ಮುಂದೆ ನಿಲ್ಲುವ ಜಾಗಕ್ಕೆ ಹಳೆ ಪ್ಯಾಕಿಂಗ್ ಹಲಗೆಯಲ್ಲಿ ಒಂದು ಮಣೆಯಂಥದ್ದು ಮಾಡಿ ಹಾಕಿ, ಕೆಳಗೆ ಎರಡು ರೀಪು, ಮೇಲೆ ಹಲಗೆ. ಇಲ್ಲ, ದನದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತುಂಡು. ಇದರಿಂದಲೇ ಅರ್ಧ ಚಳಿ ಹೋಯಿತು ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ನಂಬುವುದಿಲ್ಲ, ಹಾಕಿದ ಮೇಲೆ ನಂಬುತ್ತಾರೆ. ಆಮೇಲೆ ಗಾಳಿ. ಬೆಂಚಿನ ಸುತ್ತ ಹತ್ತಡಿಗೆ ಟಾರ್ಪಲ್ ಪರದೆ ಎಳೆಯುವ ಹಾಗೆ ತಂತಿ ಕಟ್ಟಿದರೆ ಸಾಕು. ಥರ್ಮೊಕೋಲ್ ಅಂಟಿಸಲು ಹೋಗಬೇಡಿ, ಅಗ್ಗ ನಿಜ, ಕಿಡಿ ತಾಗಿದರೆ ಕರಗಿ ಹತ್ತಿಕೊಂಡು ಕಪ್ಪು ಹೊಗೆ ಬಿಡುತ್ತದೆ. ಮೈಗೆ ಸ್ವೆಟರ್ ಇರಲಿ, ಮಂಕಿ ಕ್ಯಾಪ್ ಇರಲಿ. ಆದರೆ ಮಫ್ಲರ್, ಶಾಲು, ಉಣ್ಣೆಯ ಕೈಗವಸು ಹಾಕಿಕೊಂಡು ತಿರುಗುವ ಯಂತ್ರದ ಹತ್ತಿರ ಹೋಗುವುದು ಬೇಡ. ಲೇತಿಗೆ ಮಫ್ಲರಿನ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಇಷ್ಟಾದ ಮೇಲೂ ಚಳಿ ಅಂದರೆ ಕರೆಂಟ್ ಹೀಟರ್. ಅಂಗಡಿಯಲ್ಲಿ ಒಂದೊಂದು ಹೀಟರಿಗೆ ಒಂದೊಂದು ಕಥೆ ಹೇಳುತ್ತಾರೆ, ಇದು ಕರೆಂಟ್ ಕಮ್ಮಿ ತಿನ್ನುತ್ತೆ, ಅದು ಬೇಗ ಕಾಯುತ್ತೆ ಅಂತ. ಹೀಟರಿಗೆ ಕೊಟ್ಟ ಒಂದು ಯೂನಿಟ್ ಕರೆಂಟ್ ಯಾವುದರಲ್ಲೂ ಒಂದು ಯೂನಿಟ್ಟಿನ ಬಿಸಿಯೇ. ವ್ಯತ್ಯಾಸ ಇರುವುದು ಆ ಬಿಸಿ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ಫ್ಯಾನ್ ಹೀಟರ್ ಗಾಳಿಯನ್ನು ಬಿಸಿ ಮಾಡುತ್ತದೆ, ನಮ್ಮ ಶೆಡ್ಡಿನಲ್ಲಿ ಆ ಗಾಳಿ ಮೇಲೇರಿ ತಣ್ಣನೆಯ ತಗಡಿಗೆ ತಾಗಿ ಆರಿಹೋಗುತ್ತದೆ. ಜೊತೆಗೆ ಮರದ ಧೂಳನ್ನು ಎಳೆದುಕೊಂಡು ಕೆಂಪು ಕಾಯಿಲಿನ ಮೇಲೆ ಸುಡುತ್ತದೆ. ಮರಗೆಲಸದವರು ಅದನ್ನು ಮರೆತುಬಿಡಿ. ಎರಡು ರಾಡಿನ 800 ವಾಟಿನ ಹೀಟರ್ ಎದುರಿಗೆ ಇರುವವರಿಗೆ ನೇರ ಬಿಸಿಲಿನ ಹಾಗೆ ತಾಗುತ್ತದೆ, ಸುತ್ತ ಗಾಳಿ ತಣ್ಣಗಿದ್ದರೂ ಮೈ ಬೆಚ್ಚಗೆ. ಅದನ್ನು ನೆಲದಲ್ಲಿ ಇಡದೆ, ಮರ ಬಟ್ಟೆಗಳಿಂದ ಮೂರು ಅಡಿ ದೂರಕ್ಕೆ, ಕಾಲಿಗೆ ತಾಗದ ಹಾಗೆ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹಾಕಿ ಕೂರಿಸಿದರೆ ಒಳ್ಳೆಯದು. ಕೂತು ಮಾಡುವ ಕೆಲಸದವರಿಗೆ, ಹೊಲಿಗೆ, ವೈಂಡಿಂಗ್ ಮಾಡುವವರಿಗೆ, ಎಣ್ಣೆ ತುಂಬಿದ ರೇಡಿಯೇಟರ್ ಸರಿ. ಕಾಯಲು ತಡ, ಬೆಲೆಯೂ ಜಾಸ್ತಿ, ಆದರೆ ಕೆಂಪಗೆ ಉರಿಯುವ ತಂತಿ ಹೊರಗೆ ಕಾಣುವುದಿಲ್ಲ.

ಖರ್ಚು ನೋಡಿ. 800 ವಾಟ್ ದಿನಕ್ಕೆ ಮೂರು ಗಂಟೆ ಅಂದರೆ ತಿಂಗಳಿಗೆ 72 ಯೂನಿಟ್. ತೆರಿಗೆ ಗಿರಿಗೆ ಸೇರಿ ಯೂನಿಟ್ಟಿಗೆ 6-7 ರೂಪಾಯಿ ಹಿಡಿದರೆ 430ರಿಂದ 500 ರೂಪಾಯಿ. ಅದೇ 2000 ವಾಟಿನದಾದರೆ 180 ಯೂನಿಟ್. ಇಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ವಿಷಯ ನೆನಪಿರಲಿ. ಮನೆ ಮೀಟರಿನಿಂದಲೇ ಶೆಡ್ಡಿಗೆ ಲೈನ್ ಎಳೆದಿರುವವರು ಜಾಸ್ತಿ. ನಿಮ್ಮ ಸರಾಸರಿ ಬಳಕೆ ನೋಡಿ ಕೊಟ್ಟ ಉಚಿತ ಮಿತಿ ದಾಟಿದರೆ ಹೆಚ್ಚುವರಿಗೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ದೊಡ್ಡ ಹೀಟರಿನ ನಿಜವಾದ ಬೆಲೆ ಬಿಲ್ ಬಂದ ಮೇಲೆ ಗೊತ್ತಾಗುತ್ತದೆ.

ದುಡ್ಡಿಗಿಂತ ಮುಖ್ಯ ವೈರಿಂಗ್. 2000 ವಾಟ್ ಹೀಟರ್ ಸುಮಾರು 9 ಆಂಪ್ ಎಳೆಯುತ್ತದೆ. ಲೈಟಿಗೆ ಹಾಕಿದ ಸಣ್ಣ ವೈರು, 6 ಆಂಪಿನ ಪ್ಲಗ್ಗು, ಅದಕ್ಕೊಂದು ಎಕ್ಸ್‌ಟೆನ್ಶನ್ ಬಾಕ್ಸ್, ಅದರಲ್ಲೇ ಕಟಿಂಗ್ ಮಷಿನ್, ಅದರಲ್ಲೇ ಮೊಬೈಲ್ ಚಾರ್ಜರ್. ನೀವು ಯಾವ ಶೆಡ್ಡಿಗೆ ಬೇಕಾದರೂ ಹೋಗಿ ಆ ಬಾಕ್ಸ್ ತಿರುಗಿಸಿ ನೋಡಿ. ಬಿಳಿ ಪ್ಲಾಸ್ಟಿಕ್ ತೂತಿನ ಸುತ್ತ ಚಹಾ ಬಣ್ಣಕ್ಕೆ ತಿರುಗಿರುತ್ತದೆ, ಪಿನ್ನಿನ ಹಿತ್ತಾಳೆ ಕಪ್ಪಾಗಿರುತ್ತದೆ, ಒಳಗೆ ಮರದ ಪುಡಿ ಕೂತಿರುತ್ತದೆ. ಕೈಯಿಟ್ಟರೆ ಬಿಸಿ. ಅದು ಬೆಂಕಿಗೆ ಕಾಯುತ್ತಿರುವ ಬಾಕ್ಸ್. ಹೀಟರಿಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ, ದೊಡ್ಡ ಹೀಟರ್ ಆದರೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರು, 16 ಆಂಪಿನ ಪವರ್ ಪ್ಲಗ್, ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸರಿಯಾದ ಎಂಸಿಬಿ ಸ್ವಿಚ್ಚು, ಅರ್ಥಿಂಗ್, ಮತ್ತು ಕರೆಂಟ್ ಸೋರಿದರೆ ತಕ್ಷಣ ಲೈನ್ ಕತ್ತರಿಸುವ 30 ಮಿಲಿ ಆಂಪಿನ ಆರ್‌ಸಿಸಿಬಿ. ಇಬ್ಬನಿಗೆ ಒದ್ದೆಯಾದ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುವ ನಮಗೆ ಆ ಕೊನೆಯದ್ದು ಜೀವ ಉಳಿಸುವ ಸಾಮಾನು. ಎಲೆಕ್ಟ್ರಿಷಿಯನ್ 'ಅದೆಲ್ಲ ಬೇಡ ಅಣ್ಣ, ಸುಮ್ನೆ ಖರ್ಚು' ಅಂದರೆ ಬೇರೆ ಎಲೆಕ್ಟ್ರಿಷಿಯನ್ ಹುಡುಕಿ. ಶರಾವತಿಯ ನೀರಿನಿಂದ ಹುಟ್ಟಿದ ಕರೆಂಟ್ ಊರೂರಿಗೆ ಹೋಗುತ್ತದೆ, ನಮ್ಮ ಹಳ್ಳಿಯ ಕೊನೆಯ ಕಂಬಕ್ಕೆ ಬರುವಷ್ಟರಲ್ಲಿ ವೋಲ್ಟೇಜ್ ಸುಸ್ತಾಗಿರುತ್ತದೆ ಅನ್ನುವುದು ಬೇರೆ ವಿಷಯ, ಅದಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ.

ಗ್ಯಾಸ್ ಹೀಟರ್ ಬಗ್ಗೆ ಕೆಲವರು ಕೇಳುತ್ತಾರೆ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ನನಗೆ ಬೇಡವೇ ಬೇಡ. ವಿಷದ ಮಾತು ಹಾಗಿರಲಿ, ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗೂ ಜಾಸ್ತಿ ನೀರಿನ ಆವಿ ಹುಟ್ಟುತ್ತದೆ. ಅದೆಲ್ಲ ಶೆಡ್ಡಿನ ಒಳಗೇ ಉಳಿಯುತ್ತದೆ. ತಣ್ಣಗಿರುವ ಉಳಿ, ಹತ್ತರಿ, ಮಷಿನ್ನಿನ ಕಬ್ಬಿಣದ ಹಾಸಿನ ಮೇಲೆ ನೀರಾಗಿ ಕೂರುತ್ತದೆ, ಮರುದಿನ ತುಕ್ಕು. ಮೊದಲೇ ಮಳೆಗಾಲ ಮುಗಿದು ಮರ ಒಣಗಲಿ ಅಂತ ಕಾಯುತ್ತಿರುವವರು ನಾವು, ದುಡ್ಡು ಕೊಟ್ಟು ತೇವ ತರಿಸಿಕೊಳ್ಳುವುದು ಯಾಕೆ? ಮನೆ ಅಡುಗೆಯ 14.2 ಕೆಜಿ ಸಿಲಿಂಡರನ್ನು ಇದಕ್ಕೆ ಬಳಸಲು ಕಾನೂನಿನಲ್ಲೂ ಅವಕಾಶ ಇಲ್ಲ.

ಇನ್ನು ಕಟ್ಟಿಗೆ. ನಮ್ಮಲ್ಲಿ ಕಟ್ಟಿಗೆಗೆ ಬರವಿಲ್ಲ. ಮರಗೆಲಸದವನ ಶೆಡ್ಡಿನಲ್ಲಿ ತುಂಡುಗಳೇ ರಾಶಿ ಬಿದ್ದಿರುತ್ತವೆ, ಅಡಿಕೆ ಸಿಪ್ಪೆಯೂ ಸಿಗುತ್ತದೆ. ಬೆಂಕಿಯೇ ಬೇಡ ಅಂತ ನಾನು ಹೇಳುತ್ತಿಲ್ಲ, ಹೊಗೆಗೆ ದಾರಿ ಇರಬೇಕು ಅಂತ ಹೇಳುತ್ತಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೊಟ್ಟ ಅಸ್ತ್ರ ಒಲೆ ನಮ್ಮ ಎಷ್ಟೋ ಅಡುಗೆಮನೆಗಳಿಗೆ ಬಂತಲ್ಲ, ಅದರ ತತ್ವವೂ ಅದೇ: ಕಟ್ಟಿಗೆ ಕಮ್ಮಿ, ಹೊಗೆ ಕೊಳವೆಯಲ್ಲಿ ಮೇಲಕ್ಕೆ. ಶೆಡ್ಡಿಗೆ ದಪ್ಪ ತಗಡಿನ ಮುಚ್ಚಳವಿರುವ ಸಣ್ಣ ಒಲೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಹಳೆ ಡ್ರಮ್ಮಿನಲ್ಲಿ ಮಾಡಿಸುವುದಾದರೆ ಅದರಲ್ಲಿ ಮೊದಲು ಏನಿತ್ತು ಕೇಳಿ. ಪೆಟ್ರೋಲ್, ಥಿನ್ನರ್ ಇದ್ದ ಡ್ರಮ್ ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಕಟ್ ಮಾಡುವಾಗ ಸಿಡಿಯುತ್ತದೆ. ಡ್ರಮ್ಮಿನ ಮೈಗೆ ಪೇಂಟ್ ಬಳಿದಿದ್ದರೆ ಮೊದಲ ಸಲ ಅಂಗಳದಲ್ಲೇ ಉರಿಸಿ, ಆ ಪೇಂಟ್ ಸುಟ್ಟು ಹೋಗಲಿ. ಕೊಳವೆಗೆ ಸತುವಿನ ಲೇಪದ ಜಿಐ ಪೈಪ್ ಬೇಡ, ಕಾದರೆ ಸತುವಿನ ಹೊಗೆ ಬರುತ್ತದೆ, ಲೇಪವಿಲ್ಲದ ಕಪ್ಪು ಎಂಎಸ್ ಪೈಪ್ ಹಾಕಿಸಿ. ಮಾಡು ದಾಟುವ ಕಡೆ ಪಕಾಸು ರೀಪಿನಿಂದ ಒಂದೂವರೆ ಅಡಿ ದೂರ ಇರಬೇಕು, ಹೆಂಚಿನ ಮಾಡಾದರೆ ಅಲ್ಲೊಂದು ಹೆಂಚು ತೆಗೆದು ತಗಡಿನ ತುಂಡು ಕೂರಿಸಿ. ಮಾಡಿನಿಂದ ಮೇಲೆ ಕನಿಷ್ಠ ಮೂರು ಅಡಿ ಏರಬೇಕು, ಕೊಳವೆಯಿಂದ ಹತ್ತಡಿ ಅಂತರದೊಳಗೆ ಮಾಡಿನ ಯಾವ ಭಾಗ ಇದ್ದರೂ ಅದಕ್ಕಿಂತ ಎರಡು ಅಡಿ ಎತ್ತರ. ಕುಳ್ಳು ಕೊಳವೆ ಗಾಳಿ ತಿರುಗಿದಾಗ ಹೊಗೆಯನ್ನು ವಾಪಸ್ ಒಳಗೇ ತಳ್ಳುತ್ತದೆ. ಒಲೆಗೆ ಹೊಸ ಗಾಳಿ ಬರಲು ನೆಲಮಟ್ಟದಲ್ಲಿ ಒಂದು ಕಿಂಡಿ ಬಿಡಿ, ಅದನ್ನು ಮುಚ್ಚಬೇಡಿ. ಹಸಿ ಕಟ್ಟಿಗೆ ಉರಿಸಿದರೆ ಕೊಳವೆಯೊಳಗೆ ಟಾರಿನಂಥ ಜಿಗುಟು ಕಟ್ಟಿ ಒಂದು ದಿನ ಅದೇ ಹತ್ತಿಕೊಳ್ಳುತ್ತದೆ, ಹಾಗಾಗಿ ಒಣ ಕಟ್ಟಿಗೆ, ಮತ್ತು ಚಳಿಗಾಲಕ್ಕೆ ಮೊದಲು ಒಮ್ಮೆ ಕೊಳವೆ ಬಡಿದು ಕ್ಲೀನ್ ಮಾಡುವುದು. ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬೇಡಿ, ಬೂದಿಯೊಳಗಿನ ಕೆಂಡ ಮರುದಿನದವರೆಗೂ ಬದುಕಿರುತ್ತದೆ. ಮುಚ್ಚಳದ ತಗಡಿನ ಡಬ್ಬಿ, ಅಂಗಳದಲ್ಲಿ.

ಪಾಲಿಶ್ ಕೆಲಸದ ದಿನ ಮಾತ್ರ ಯಾವ ಬೆಂಕಿಯೂ ಇಲ್ಲ, ಹೀಟರೂ ಇಲ್ಲ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ಮೂಲೆಯ ಒಲೆಯನ್ನು ಹುಡುಕಿಕೊಳ್ಳುತ್ತದೆ. ಪೆಟ್ರೋಲಿನದೂ ಅಷ್ಟೇ. ಅದಕ್ಕೇ ಬೈಕ್ ನಿಲ್ಲಿಸುವ ಶೆಡ್ಡಿನಲ್ಲಿ ಒಲೆ ಇಡಬಾರದು. ಹೇಗೂ ಬೆಳಗಿನ ಮಂಜಿನಲ್ಲಿ ಪಾಲಿಶ್ ಹೊಡೆದರೆ ತೇವಕ್ಕೆ ಬೆಳ್ಳಗೆ ಮಸುಕಾಗುತ್ತದೆ, ಕೆಲಸ ಕೆಡುತ್ತದೆ. ಶಟರ್ ಎತ್ತಿ, ಹನ್ನೊಂದು ಗಂಟೆಯ ಬಿಸಿಲಿಗೆ ಮಾಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವ ಚಟ ಇರುವವರಿಗೆ ಇನ್ನೊಂದು ಮಾತು: ಅದು ಬೆಂಕಿ ತಾಗದೆಯೇ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ, ಅಥವಾ ನೀರಿನ ಡಬ್ಬಿಗೆ ಹಾಕಿ.

ಕೊನೆಗೆ, ಕೊಳವೆ ಒಲೆ ಇಟ್ಟುಕೊಳ್ಳುವವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಗೋಡೆಗೆ ಹಾಕಿಕೊಳ್ಳಲಿ. ಬ್ಯಾಟರಿಯದ್ದು, ಅಂಗೈ ಅಗಲ, ಕೂತಾಗ ಮೂಗು ಇರುವ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದರೆ ಆಯಿತು. ಹೊಗೆಯ ಅಲಾರಂ ಬೇರೆ, ಇದು ಬೇರೆ, ಕೇಳಿ ತನ್ನಿ. ವಾರಕ್ಕೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ಕೂಗುತ್ತದಾ ನೋಡಿ. ಅಲಾರಂ ಇದೆ ಅಂತ ಬಾಂಡ್ಲಿ ಒಳಗೆ ತರಬೇಡಿ, ಅದು ಕೊಳವೆ ಕೈಕೊಟ್ಟಾಗ ಎಬ್ಬಿಸಲು ಇರುವುದು. ನಾನು ಆನ್‌ಲೈನಿನಲ್ಲಿ ತರಿಸಿದೆ. ಇನ್ವರ್ಟರ್, ಸಿಸಿ ಕ್ಯಾಮೆರಾ ಮಾರುವ ನಮ್ಮ ತಾಲ್ಲೂಕಿನ ಅಂಗಡಿಯವರು ಈ ಚಳಿಗೆ ಇದನ್ನೂ ನಾಲ್ಕು ತರಿಸಿ ಇಡಲಿ. ಒಂದನ್ನು ನಾನೇ ಕೊಳ್ಳುತ್ತೇನೆ, ಭಾವನ ಮಗನ ಶೆಡ್ಡಿಗೆ. ಅವನು ಈಗ ಕೊಳವೆ ಒಲೆ ಮಾಡಿಸಿದ್ದಾನೆ, ಕೊಳವೆ ಮಾತ್ರ ಇನ್ನೂ ಒಂದಡಿ ಕುಳ್ಳಗಿದೆ.

ಇತಿ,
ಕಾರ್ ಶೆಡ್ಡಿನಲ್ಲಿ ಮರಗೆಲಸ ಮಾಡುವ ನಿಮ್ಮ ಓದುಗ
ತೀರ್ಥಹಳ್ಳಿ ತಾಲ್ಲೂಕು